ರಾಜೀನಾಮೆ, ವಿಆರ್‌ಎಸ್, ಇಲ್ಲವೇ ಕಾಯುವುದು: ಎಣ್ಣೆ ಕೆಲಸ ಅಲುಗಾಡಿದಾಗ ಒಂದು ಹಿಸಾಬು

ಮೂರು ತಿಂಗಳ ಹಿಂದೆ ರಾತ್ರಿ ಹನ್ನೊಂದರ ಮೇಲೆ ಸೌದಿಯ ಜುಬೈಲಿನಿಂದ ಅಣ್ಣನ ಮಗ ಒಂದು ಕಾಗದದ ಫೋಟೊ ಕಳಿಸಿದ. ಎಡಕ್ಕೆ ಇಂಗ್ಲಿಷು, ಬಲಕ್ಕೆ ಅರಬ್ಬಿ, ಕೆಳಗೆ ಸಹಿಗೆ ಗೆರೆ. "ಕಾಕಾ, ನಾಳೆ ಹತ್ತು ಗಂಟೆಯೊಳಗೆ ಸಹಿ ಹಾಕಿ ಕೊಡಬೇಕಂತೆ. ಹಾಕಲೋ ಬೇಡವೋ?" ಕನ್ನಡಕ ಹುಡುಕಿ, ಫೋಟೊ ದೊಡ್ಡದು ಮಾಡಿ ಓದಿದೆ. ಎಂಟು ಸಾಲಿನ ಆ ಕಾಗದದಲ್ಲಿ ದುಡ್ಡಿನ ಅಂಕಿ ಎಲ್ಲಿಯೂ ಇರಲಿಲ್ಲ. 'ನನ್ನ ಸ್ವಂತ ಇಚ್ಛೆಯಿಂದ' ಎಂಬ ಮಾತು ಮಾತ್ರ ಎರಡು ಕಡೆ ಇತ್ತು. ಹಾಕಬೇಡ ಎಂದೆ.

ಆ ಮೂರು ಶಬ್ದಗಳ ಬೆಲೆ ನನಗೆ ಗೊತ್ತು. 2016ರ ಜನವರಿಯಲ್ಲಿ ನಾನು ಅವುಗಳಿಗೆ ಹತ್ತು ಸಾವಿರ ರಿಯಾಲಿಗಿಂತ ಹೆಚ್ಚು ತೆತ್ತವನು. ಅದರ ಲೆಕ್ಕ ಮುಂದೆ ಬರುತ್ತದೆ.

ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಎಣ್ಣೆ ಕೆಲಸಕ್ಕೆ, ಅಂದರೆ ಕಚ್ಚಾ ತೈಲದ ಕಂಪನಿಗಳ ಕೆಲಸಕ್ಕೆ, ಹೋದವರಲ್ಲಿ ಕಂಪನಿಯ ಸ್ವಂತ ನೌಕರರು ಕಡಿಮೆ. ಪೈಪ್ ಫಿಟ್ಟರ್, ವೆಲ್ಡರ್, ಸ್ಕ್ಯಾಫೋಲ್ಡರ್, ಕ್ರೇನ್ ಆಪರೇಟರ್, ಸೇಫ್ಟಿಯವನು, ಸ್ಟೋರ್ ಕೀಪರ್ ಎಲ್ಲರೂ ಗುತ್ತಿಗೆದಾರನ ಕಡೆಯವರು. ಇನ್ನು ಕೆಲವರು ಮುಂಬೈ, ಗುಜರಾತಿನ ಖಾಸಗಿ ಕಂಪನಿಗಳಲ್ಲಿದ್ದಾರೆ. ಕೆಲಸ ಹೋಗುವ ಸುದ್ದಿ ಬಂದಾಗ ಇವರೆಲ್ಲ ಮೊದಲು ಕೇಳುವುದು 'ಎಷ್ಟು ಕೊಡುತ್ತಾರೆ' ಎಂದು. ನಾನು ಮೊದಲು ಕೇಳುವುದು 'ಕಾಗದದಲ್ಲಿ ಏನೆಂದು ಬರೆಯುತ್ತಾರೆ' ಎಂದು. ರಾಜೀನಾಮೆ, ಅವಧಿ ಮುಗಿದದ್ದು, ಕಂಪನಿಯೇ ತೆಗೆದದ್ದು, ಸ್ವಯಂ ನಿವೃತ್ತಿ (ವಿಆರ್‌ಎಸ್) ಈ ನಾಲ್ಕರಲ್ಲಿ ಯಾವ ಹೆಸರಿನಲ್ಲಿ ಹೊರಬೀಳುತ್ತೀರಿ ಎಂಬುದರ ಮೇಲೆ ಎಷ್ಟು ಎಂಬುದು ನಿಂತಿದೆ.

ಎಣ್ಣೆಯ ಧಾರಣೆ, ತೊಗರಿಯ ಧಾರಣೆ

ಈ ಕಡಿತ ಯಾಕೆ ಬರುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ತೊಗರಿ ಏರಿದ ವರ್ಷ ಎಲ್ಲರೂ ತೊಗರಿಯನ್ನೇ ಬಿತ್ತುತ್ತಾರೆ, ಮರು ವರ್ಷ ಧಾರಣೆ ನೆಲ ಕಚ್ಚುತ್ತದೆ. ಕಚ್ಚಾ ತೈಲದ್ದೂ ಅದೇ ಜಾತಕ. 2014ರ ಜೂನ್‌ನಲ್ಲಿ ಬ್ಯಾರಲ್ಲಿಗೆ 115 ಡಾಲರ್ ಇದ್ದ ಬ್ರೆಂಟ್ ತೈಲ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗೆ ಇಳಿಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ತೈಲದ ವಾಯಿದೆ ಬೆಲೆ ಸೊನ್ನೆಗೂ ಕೆಳಗೆ, ಮೈನಸ್ 37 ಡಾಲರಿಗೆ ಬಿತ್ತು. ಮಾಲು ಒಯ್ಯುವವನಿಗೆ ಮಾಲಿನವನೇ ದುಡ್ಡು ಕೊಡುವ ಪಾಳಿ ನಮ್ಮ ಗಂಜಿಗೂ ಈವರೆಗೆ ಬಂದಿಲ್ಲ.

ಬೆಲೆ ಬೀಳದಿದ್ದರೂ ಕೆಲಸ ಹೋಗುತ್ತದೆ. 2024ರ ಜನವರಿಯಲ್ಲಿ ಸೌದಿ ಸರ್ಕಾರ ತನ್ನ ತೈಲ ಕಂಪನಿ ಅರಾಮ್ಕೊಗೆ ದಿನಕ್ಕೆ 13 ಮಿಲಿಯನ್ ಬ್ಯಾರಲ್ ಸಾಮರ್ಥ್ಯದ ಯೋಜನೆ ಬಿಟ್ಟು 12 ಮಿಲಿಯನ್‌ನಲ್ಲೇ ನಿಲ್ಲಲು ಹೇಳಿತು. ಅದರ ಬೆನ್ನಿಗೆ ಸಮುದ್ರದಲ್ಲಿ ತೈಲ ಬಾವಿ ಕೊರೆಯುವ ಹಲವು ರಿಗ್‌ಗಳ ಗುತ್ತಿಗೆ ನಿಂತವು. 2025ರಲ್ಲಿ ಬ್ರಿಟನ್ನಿನ ತೈಲ ಕಂಪನಿ ಬಿಪಿ ತನ್ನ 4,700 ನೌಕರರ ಜತೆಗೆ 3,000 ಗುತ್ತಿಗೆಯವರನ್ನೂ ಕೈಬಿಡುವುದಾಗಿ ಹೇಳಿತು. ಶೆವ್ರಾನ್ ಶೇ 20ರವರೆಗೆ, ಕೊನೊಕೊಫಿಲಿಪ್ಸ್ ಶೇ 20ರಿಂದ 25ರಷ್ಟು ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿದವು. ಎಕ್ಸಾನ್‌ಮೊಬಿಲ್‌ನದು ಸುಮಾರು 2,000. ದೊಡ್ಡ ಕಂಪನಿ ಸುದ್ದಿಗೋಷ್ಠಿ ಕರೆದು ಹೇಳುತ್ತದೆ. ಗುತ್ತಿಗೆದಾರ ಕ್ಯಾಂಪಿನ ಬೋರ್ಡಿಗೆ ಹೆಸರಿನ ಪಟ್ಟಿ ಅಂಟಿಸುತ್ತಾನೆ. ಅದರಲ್ಲಿ ಹೆಸರು ಇಲ್ಲದಿದ್ದರೂ ಮುಂದಿನ ಪಟ್ಟಿಗೆ ತಯಾರಾಗಿರುವುದು ಒಳ್ಳೆಯದು.

ಸೌದಿ: ಒಂದೇ ನೌಕರಿ, ಮೂರು ಮೊತ್ತ

ಸೌದಿ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸ ಮುಗಿದಾಗ ಸಿಗುವ ಸೇವಾ ಮೊತ್ತ ಹೀಗೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಪೂರ್ತಿ ಒಂದು ತಿಂಗಳ ಸಂಬಳ. ವರ್ಷದ ತುಂಡು ಉಳಿದರೆ ಅದಕ್ಕೂ ಪಾಲು ಇದೆ. ಕೊನೆಯ ಸಂಬಳವೇ ಆಧಾರ. ಮೂಲ ವೇತನ ಮಾತ್ರವಲ್ಲ, ಪ್ರತಿ ತಿಂಗಳು ತಪ್ಪದೆ ಬರುವ ಭತ್ಯೆಗಳೂ ಅದರಲ್ಲಿ ಸೇರುತ್ತವೆ.

ಇದು ಕಂಪನಿ ತೆಗೆದಾಗ ಅಥವಾ ಒಪ್ಪಂದದ ಅವಧಿ ಮುಗಿದಾಗ. ನೀವೇ ರಾಜೀನಾಮೆ ಕೊಟ್ಟರೆ ಬೇರೆ ಮೆಟ್ಟಿಲು. ಎರಡು ವರ್ಷ ಆಗದಿದ್ದರೆ ಏನೂ ಇಲ್ಲ. ಎರಡರಿಂದ ಐದು ವರ್ಷದವರೆಗೆ ಮೂರನೆಯ ಒಂದು ಭಾಗ, ಐದು ದಾಟಿ ಹತ್ತರೊಳಗೆ ಇದ್ದರೆ ಮೂರನೆಯ ಎರಡು ಭಾಗ, ಹತ್ತು ತುಂಬಿದರೆ ಪೂರ್ತಿ.

ಈಗ ನನ್ನ ಲೆಕ್ಕ. ಸಂಬಳ 4,000 ರಿಯಾಲ್, ಸೇವೆ ಒಂಬತ್ತು ವರ್ಷ ಹತ್ತು ತಿಂಗಳು. ತೈಲ 30 ಡಾಲರಿಗೆ ಇಳಿದಿದ್ದ ದಿನಗಳು ಅವು. ನಾನಿದ್ದ ಗುತ್ತಿಗೆ ಕಂಪನಿಯ ಕ್ಯಾಂಪ್ ಕಚೇರಿಯಲ್ಲಿ ಗುಮಾಸ್ತ ಒಂದು ಕಾಗದ ಮುಂದಿಟ್ಟು, ರಾಜೀನಾಮೆ ಕೊಟ್ಟರೆ ಹಿಸಾಬು ಬೇಗ ಆಗುತ್ತದೆ, ಟಿಕೆಟ್ಟೂ ಈ ವಾರವೇ ಎಂದ. ಬೇಗ ಎಂಬ ಮಾತಿಗೆ ನಾನು ಮರುಳಾದೆ. ಮನೆಯಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಕಂಪನಿಯೇ ತೆಗೆದಿದ್ದರೆ ನನಗೆ 29,333 ರಿಯಾಲ್ ಬರಬೇಕಾಗಿತ್ತು. ಎರಡು ತಿಂಗಳು ಹಲ್ಲು ಕಚ್ಚಿ ನಿಂತು ಹತ್ತು ವರ್ಷ ತುಂಬಿಸಿ ಆಮೇಲೆ ರಾಜೀನಾಮೆ ಕೊಟ್ಟಿದ್ದರೂ 30,000. ಕೈಗೆ ಬಂದದ್ದು 19,556. ಹತ್ತು ತುಂಬಿಸದೆ ಬಿಟ್ಟುಬಂದ 10,444 ರಿಯಾಲ್, ಆಗಿನ ದರದಲ್ಲಿ ಸುಮಾರು 1 ಲಕ್ಷ 88 ಸಾವಿರ ರೂಪಾಯಿ. ಗುಮಾಸ್ತನಿಗೆ ಶುಕ್ರಿಯಾ ಹೇಳಿ, ಕೈಕುಲುಕಿ ಬಂದಿದ್ದೆ.

ಹಾಗಾಗಿ ಸೌದಿಯಲ್ಲಿ ಇರುವವರು ಆಯ್ಕೆಗಳನ್ನು ಹೀಗೆ ತೂಗಬೇಕು. ನಡುವಿನಲ್ಲಿ ರಾಜೀನಾಮೆ ಕೊಡುವುದು ಎಲ್ಲಕ್ಕಿಂತ ಅಗ್ಗದ ದಾರಿ; ಅಗ್ಗ ಎಂದರೆ ಕಂಪನಿಗೆ. ಹೊರದೇಶದವರ ಒಪ್ಪಂದ ಅಲ್ಲಿ ಯಾವಾಗಲೂ ಅವಧಿಯ ಒಪ್ಪಂದವೇ. ಅವಧಿ ಮುಗಿಯುವವರೆಗೆ ಇದ್ದು, ಮುಂದುವರಿಸುವುದಿಲ್ಲ ಎಂದು ಒಪ್ಪಂದದಲ್ಲಿ ಹೇಳಿದಷ್ಟು ದಿನ ಮುಂಚಿತವಾಗಿ ಬರೆದು ಕೊಟ್ಟರೆ ಅದು ರಾಜೀನಾಮೆ ಅಲ್ಲ, ಅವಧಿ ಮುಗಿದದ್ದು. ಪೂರ್ತಿ ಮೊತ್ತ ಸಿಗುತ್ತದೆ. ನಿಮಗೂ ಹೊರಡುವ ಮನಸ್ಸಿದ್ದರೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಇನ್ನು ಅವಧಿ ಉಳಿದಿರುವಾಗಲೇ ಸರಿಯಾದ ಕಾರಣವಿಲ್ಲದೆ ಕಂಪನಿ ತೆಗೆದರೆ ಸೇವಾ ಮೊತ್ತದ ಮೇಲೆ ಪರಿಹಾರವೂ ಉಂಟು: ಒಪ್ಪಂದದಲ್ಲಿ ಬೇರೆ ಮೊತ್ತ ಬರೆಯದಿದ್ದರೆ ಉಳಿದ ಅವಧಿಯ ಸಂಬಳ, ಅದು ಎರಡು ತಿಂಗಳ ಸಂಬಳಕ್ಕಿಂತ ಕಡಿಮೆಯಾಗುವಂತಿಲ್ಲ. ಇದನ್ನು ತಪ್ಪಿಸಲಿಕ್ಕೆಂದೇ ಆ 'ಸ್ವಂತ ಇಚ್ಛೆ'ಯ ಕಾಗದ ಹುಟ್ಟಿದ್ದು.

ಅವಧಿ ಯಾವಾಗ ಮುಗಿಯುತ್ತದೆ ಎಂದು ನೆನಪಿನಿಂದ ಹೇಳಬೇಡಿ. ಸೌದಿ ಸರ್ಕಾರದ ಕಿವಾ ಎಂಬ ಆನ್‌ಲೈನ್ ವೇದಿಕೆಯಲ್ಲಿ ನಿಮ್ಮ ಒಪ್ಪಂದ ತೆರೆದು ತಾರೀಖು ನೋಡಿ, ಫೋಟೊ ಇಟ್ಟುಕೊಳ್ಳಿ. ಇಕಾಮಾ (ಅಲ್ಲಿ ವಾಸಿಸುವ ಪರವಾನಗಿ) ತಾರೀಖು ಬೇರೆ, ಒಪ್ಪಂದದ ತಾರೀಖು ಬೇರೆ. ಹತ್ತು ಜನರನ್ನು ಕೇಳಿದರೆ ಏಳು ಜನ ಇವೆರಡನ್ನು ಕಲಸಿ ಹೇಳುತ್ತಾರೆ.

ಕಂಪನಿ ತೆಗೆದರೆ ಒಂದು ವಾರದೊಳಗೆ, ನೀವೇ ಬಿಟ್ಟರೆ ಎರಡು ವಾರದೊಳಗೆ ಬಾಕಿ ಚುಕ್ತಾ ಆಗಬೇಕು ಎಂದು ಕಾನೂನು ಹೇಳುತ್ತದೆ. ಆದರೆ 'ಎಲ್ಲ ಹಣ ಸಂದಿದೆ' ಎಂಬ ಕಾಗದಕ್ಕೆ ಬ್ಯಾಂಕಿನ ಸಂದೇಶ ಮೊಬೈಲಿಗೆ ಬರುವ ಮೊದಲೇ ಸಹಿ ಕೇಳುತ್ತಾರೆ. ಕೊಡಬೇಡಿ. ದೂರು ಕೊಡಲು ಕೆಲಸ ಮುಗಿದ ದಿನದಿಂದ ಹನ್ನೆರಡು ತಿಂಗಳ ಗಡುವು ಇದ್ದರೂ, ಫೈನಲ್ ಎಕ್ಸಿಟ್ ಮೇಲೆ, ಅಂದರೆ ವೀಸಾ ಮುಗಿಸಿ, ಊರಿಗೆ ಬಂದು ಕುಳಿತವನು ಕಲಬುರಗಿಯ ಸೂಪರ್ ಮಾರ್ಕೆಟ್‌ನ ಚಹಾ ಅಂಗಡಿಯಿಂದ ದಮ್ಮಾಮಿನ ಕೋರ್ಟಿನ ಜತೆ ಎಷ್ಟು ಹೋರಾಡಿಯಾನು?

ದುಬೈ ಕಡೆಯವರಿಗೆ

ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ವೇತನ. ಆದರೆ ಇದು ಮೂಲ ವೇತನದ ಮೇಲೆ. ಸಂಬಳ 5,000 ದಿರ್ಹಮ್ ಎಂದು ಊರಲ್ಲಿ ಹೇಳಿಕೊಂಡವನ ಮೂಲ ವೇತನ 2,500 ಇದ್ದರೆ ಲೆಕ್ಕ ಅದರ ಮೇಲೆಯೇ. ಒಟ್ಟು ಮೊತ್ತ ಎರಡು ವರ್ಷದ ವೇತನ ಮೀರುವಂತಿಲ್ಲ. 2022ರ ಫೆಬ್ರುವರಿಯಲ್ಲಿ ಬಂದ ಹೊಸ ಕಾನೂನಿನಿಂದ ಅಲ್ಲಿ ರಾಜೀನಾಮೆ ಕೊಟ್ಟರೂ ಸೇವಾ ಮೊತ್ತ ಕಡಿತವಾಗುವುದಿಲ್ಲ.

ಹಾಗಾದರೆ ಅಲ್ಲಿ ರಾಜೀನಾಮೆ ಕೊಟ್ಟರೆ ನಷ್ಟವಿಲ್ಲವೇ? ಇದೆ. 2023ರಿಂದ ಅಲ್ಲಿ ನಿರುದ್ಯೋಗ ವಿಮೆ ಕಡ್ಡಾಯವಾಗಿದೆ. ಹನ್ನೆರಡು ತಿಂಗಳು ಕಂತು ಕಟ್ಟಿದವನ ಕೆಲಸ ಹೋದರೆ ಮೂಲ ವೇತನದ ಶೇ 60ರಷ್ಟನ್ನು ಮೂರು ತಿಂಗಳವರೆಗೆ ಕೊಡುತ್ತಾರೆ. ರಾಜೀನಾಮೆ ಕೊಟ್ಟವನಿಗೆ ಇದು ಇಲ್ಲ. ಮತ್ತೆ ಅದೇ ಕಾಗದ, ಅದೇ ಶಬ್ದ.

ಒಮಾನಿನಲ್ಲಿ 2023ರ ಕಾನೂನು ವರ್ಷಕ್ಕೆ ಒಂದು ತಿಂಗಳ ಮೂಲ ವೇತನ ಕೊಡಿಸುತ್ತದೆ. ಕತಾರಿನಲ್ಲಿ ಕನಿಷ್ಠ ಮೂರು ವಾರದ್ದು.

ದೇಶದೊಳಗಿನ ಕಂಪನಿ: ವಿಆರ್‌ಎಸ್ ತೆಗೆದುಕೊಳ್ಳಬೇಕೆ?

ಹುಮನಾಬಾದಿನ ನಮ್ಮ ಭಾವ ಮುಂಬೈಯ ಒಂದು ಖಾಸಗಿ ತೈಲ ಸೇವಾ ಕಂಪನಿಯಲ್ಲಿ ಹದಿನೆಂಟು ವರ್ಷ ದುಡಿದವರು. ವಯಸ್ಸು 46, ನಿವೃತ್ತಿಗೆ ಇನ್ನೂ ಹನ್ನೆರಡು ವರ್ಷ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 52,000 ರೂಪಾಯಿ. ಕಂಪನಿ ವಿಆರ್‌ಎಸ್ ಪ್ರಕಟಿಸಿದಾಗ ಒಂದು ಭಾನುವಾರ ಪೂರ್ತಿ ನಾವಿಬ್ಬರೂ ಮಗಳ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಲೆಕ್ಕ ಹಾಕಿದೆವು. ಅಕ್ಕ ಎರಡು ಸಲ ರೊಟ್ಟಿ ಆರಿತು ಎಂದು ಕರೆದು, ಮೂರನೆಯ ಸಲ ತಟ್ಟೆಯನ್ನು ನೋಟ್‌ಬುಕ್ಕಿನ ಮೇಲೆಯೇ ಇಟ್ಟಳು. ಶೇಂಗಾ ಹಿಂಡಿಯ ಎಣ್ಣೆ ಕಲೆ ಇವತ್ತಿಗೂ ಆ ಹಾಳೆಯಲ್ಲಿದೆ.

ಹಾಳೆಯಲ್ಲಿ ಮೂರು ಸಾಲು ಇತ್ತು. ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ (ನಮ್ಮ ಕಾನೂನಿನ ಸೇವಾ ಮೊತ್ತ) ಮಾತ್ರ: ಕೊನೆಯ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 30,000, ಅದನ್ನು 18 ವರ್ಷಕ್ಕೆ ಗುಣಿಸಿದರೆ 5.40 ಲಕ್ಷ. ಕಂಪನಿಯೇ ಹೆಚ್ಚುವರಿ ಎಂದು ತೆಗೆದರೆ ಗ್ರಾಚ್ಯುಟಿಯ ಜತೆ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನ, ಸುಮಾರು 4.68 ಲಕ್ಷ, ಮೇಲೆ ನೋಟಿಸ್ ಅವಧಿಯ ಸಂಬಳ. ವಿಆರ್‌ಎಸ್ ತೆಗೆದುಕೊಂಡರೆ ಮುಗಿದ ಪ್ರತಿ ವರ್ಷಕ್ಕೆ 35 ದಿನ, ಉಳಿದ ಪ್ರತಿ ವರ್ಷಕ್ಕೆ 25 ದಿನದ ವೇತನ. ಇದು ಗುಜರಾತ್ ಮಾದರಿ ಎಂದು ಹೆಸರಾದ ಸೂತ್ರ; ಹಲವು ಕಂಪನಿಗಳು ಅದನ್ನೇ ಬಳಸುತ್ತವೆ, ಕಾನೂನೇನೂ ಹಾಗೇ ಕೊಡಿ ಎಂದು ಹೇಳುವುದಿಲ್ಲ. 18 ವರ್ಷಕ್ಕೆ 630 ದಿನ, 12 ವರ್ಷಕ್ಕೆ 300 ದಿನ, ಒಟ್ಟು 31 ತಿಂಗಳ ವೇತನ: 16.12 ಲಕ್ಷ. ಗ್ರಾಚ್ಯುಟಿ ಬೇರೆ.

ಮೇಲುನೋಟಕ್ಕೆ ವಿಆರ್‌ಎಸ್ಸೇ ದೊಡ್ಡದು. ಆದರೆ ಹೋಲಿಸಬೇಕಾದ್ದು 16.12 ಲಕ್ಷವನ್ನು ಸೊನ್ನೆಯ ಜತೆ ಅಲ್ಲ. ಬೇಡವೆಂದು ಕುಳಿತು, ಆಮೇಲೆ ಕಂಪನಿಯೇ ತೆಗೆದರೆ 4.68 ಲಕ್ಷ ಹೇಗೂ ಬರುತ್ತದೆ. ವ್ಯತ್ಯಾಸ 11.44 ಲಕ್ಷ, ಅಂದರೆ ಇಪ್ಪತ್ತೆರಡು ತಿಂಗಳ ವೇತನ. ಹೊರಗೆ ಬೇರೆ ಕೆಲಸ ಸಿಗುವುದಿಲ್ಲ ಎಂದೇ ಇಟ್ಟುಕೊಂಡರೆ, ಪ್ರಶ್ನೆ ಇಷ್ಟಕ್ಕೆ ಇಳಿಯುತ್ತದೆ: ಈ ಕೆಲಸ ಇನ್ನು ಇಪ್ಪತ್ತೆರಡು ತಿಂಗಳು ಉಳಿಯುತ್ತದೆಯೆ? ಉಳಿಯುತ್ತದೆ ಎಂಬ ನಂಬಿಕೆ ಇದ್ದರೆ ಕಾಯಿರಿ. ಹೊರಗೆ ಅರ್ಧ ಸಂಬಳದ ಕೆಲಸವಾದರೂ ಖಾತ್ರಿ ಇದ್ದರೆ ಕಾಯುವವನ ಲೆಕ್ಕ ಇನ್ನೂ ಎಳೆಯುತ್ತದೆ, ನಲವತ್ತನಾಲ್ಕು ತಿಂಗಳಿಗೆ. ನೀವೂ ನಿಮ್ಮ ಅಂಕಿ ಹಾಕಿ ಇದೇ ಭಾಗಾಕಾರ ಮಾಡಿ.

ಇಲ್ಲಿ ಒಂದು ಮುಳ್ಳು ಇದೆ. ಹದಿನೈದು ದಿನದ ಪರಿಹಾರ ಕಾನೂನಿನ ಕಣ್ಣಿಗೆ ಕಾರ್ಮಿಕ ಎನಿಸಿಕೊಂಡವನಿಗೆ ಮಾತ್ರ. ಮ್ಯಾನೇಜರ್ ದರ್ಜೆಯವನಿಗೆ ನೇಮಕಾತಿ ಪತ್ರದಲ್ಲಿ ಬರೆದದ್ದೇ ಗತಿ. ಹಲವು ಪತ್ರಗಳಲ್ಲಿ ಒಂದು ಅಥವಾ ಮೂರು ತಿಂಗಳ ನೋಟಿಸ್ ಬಿಟ್ಟರೆ ಏನೂ ಇರುವುದಿಲ್ಲ. ಎಂಜಿನಿಯರುಗಳು ಇಂಥಲ್ಲಿ ವಿಆರ್‌ಎಸ್ ಕಡೆಗೆ ವಾಲುವುದೇ ಜಾಣತನ. ಸಾರ್ವಜನಿಕ ವಲಯದ ಮಾತು ಬೇರೆ. 2020ರಲ್ಲಿ ಸರ್ಕಾರಿ ತೈಲ ಕಂಪನಿ ಬಿಪಿಸಿಎಲ್ ಮಾರಾಟದ ಮಾತು ಜೋರಾಗಿದ್ದಾಗ ಆ ಕಂಪನಿ 45 ವರ್ಷ ತುಂಬಿದವರಿಗೆ ವಿಆರ್‌ಎಸ್ ತಂದಿತು. ಆಮೇಲೆ ಮಾರಾಟವೇ ನಿಂತುಹೋಯಿತು. ಮಾಲೀಕ ಬದಲಾಗುತ್ತಾನೆ ಎಂಬ ಒಂದೇ ಅಂಜಿಕೆಯಿಂದ ಹೊರಟವರು ಈಗ ಏನೆನ್ನುತ್ತಾರೋ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಮ್ಮವರಿಗೆ ಮುಖ್ಯವಾದದ್ದು ಎರಡು: ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷ ತುಂಬಿದರೂ ಗ್ರಾಚ್ಯುಟಿ ಉಂಟು, ಐದು ವರ್ಷ ಕಾಯಬೇಕಾಗಿಲ್ಲ, ಕೆಲಸ ಬಿಟ್ಟರೂ ತೆಗೆದರೂ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗುತ್ತಿಗೆದಾರರ ಕಚೇರಿಗಳಿಗೆ ಈ ಸುದ್ದಿ ನಿಧಾನವಾಗಿ ತಲುಪುತ್ತದೆ, ನೀವೇ ತಲುಪಿಸಿ.

ಮಾರ್ಚ್ ಬೇಡ, ಏಪ್ರಿಲ್

ವಿಆರ್‌ಎಸ್ ಮೊತ್ತದಲ್ಲಿ ತೆರಿಗೆ ಇಲ್ಲದ್ದು 5 ಲಕ್ಷ ಮಾತ್ರ, ಅದೂ ಜೀವಮಾನದಲ್ಲಿ ಒಂದು ಸಲ. ಹತ್ತು ವರ್ಷದ ಸೇವೆ ಅಥವಾ ನಲವತ್ತು ವರ್ಷದ ವಯಸ್ಸು ಆಗಿರಬೇಕು. ಗ್ರಾಚ್ಯುಟಿಗೆ 20 ಲಕ್ಷದವರೆಗೆ, ರಜೆ ನಗದಿಗೆ 25 ಲಕ್ಷದವರೆಗೆ ವಿನಾಯಿತಿ ಇರುವುದರಿಂದ ಆ ಚಿಂತೆ ನಮ್ಮಂಥವರಿಗಿಲ್ಲ.

ಭಾವನ ಲೆಕ್ಕದಲ್ಲಿ ತೆರಿಗೆಗೆ ಸಿಗುವ ಭಾಗ 11.12 ಲಕ್ಷ. ಮಾರ್ಚ್ 31ಕ್ಕೆ ಹೊರಬಿದ್ದರೆ ಇದು ಆ ವರ್ಷದ 6.24 ಲಕ್ಷ ವೇತನದ ಮೇಲೆ ಬಂದು ಕೂರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಸುಮಾರು 1.37 ಲಕ್ಷ ಹೋಗುತ್ತದೆ. ಒಂದು ತಿಂಗಳು ಮುಂದೆ ಹಾಕಿ ಏಪ್ರಿಲ್ ಕೊನೆಗೆ ಹೊರಬಿದ್ದರೆ ಆ ವರ್ಷದ ಆದಾಯ ಒಂದು ತಿಂಗಳ ವೇತನ ಮತ್ತು ಈ 11.12 ಲಕ್ಷ ಮಾತ್ರ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಬೇರೆ ದೊಡ್ಡ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ. ತಾರೀಖು ಬದಲಿಸಿ ಎಂದು ಕೇಳಲು ನಾಚಿಕೆಪಟ್ಟು 1.37 ಲಕ್ಷ ಬಿಡುವವರನ್ನು ನಾನು ನೋಡಿದ್ದೇನೆ. ಭಾವ ಕೇಳಿದರು, ಕಂಪನಿ ಮರುಮಾತಿಲ್ಲದೆ ಒಪ್ಪಿತು.

ಭವಿಷ್ಯ ನಿಧಿಯ ಪಿಂಚಣಿಯ ಬಗ್ಗೆ ಎರಡೇ ಮಾತು. ಹತ್ತು ವರ್ಷ ಸೇವೆ ಇದ್ದರೆ 58ಕ್ಕೆ ಪಿಂಚಣಿ. 50ರಿಂದಲೇ ಬೇಕೆಂದರೆ ಪ್ರತಿ ವರ್ಷಕ್ಕೆ ಶೇ 4ರಂತೆ ಕಡಿತ. 15,000 ರೂಪಾಯಿ ಮಿತಿಯ ವೇತನದ ಮೇಲೆ 18 ವರ್ಷಕ್ಕೆ ಬರುವುದೇ ತಿಂಗಳಿಗೆ 3,857 ರೂಪಾಯಿ. ಅದನ್ನೂ ಮೊದಲೇ ಕೊಯ್ದು ತಿನ್ನಬೇಡಿ.

ಕಾಯುವುದು ಯಾವಾಗ ತಪ್ಪು

ಇಲ್ಲಿಯವರೆಗೆ ಕಾಯಿರಿ, ಸಹಿ ಹಾಕಬೇಡಿ ಎಂದೇ ಹೇಳುತ್ತ ಬಂದಿದ್ದೇನೆ. ಅದಕ್ಕೆ ಒಂದು ದೊಡ್ಡ ಅಪವಾದ ಉಂಟು. ಸಂಬಳ ಎರಡು ತಿಂಗಳು ತಡವಾದ ಕಂಪನಿಯಲ್ಲಿ ಕಾಯಬಾರದು. ಸೇವಾ ಮೊತ್ತ ಎಂಬುದು ಕಂಪನಿಯ ಕಪಾಟಿನಲ್ಲಿ ನಿಮ್ಮ ಹೆಸರಿನಲ್ಲಿ ಇಟ್ಟ ಗಂಟು ಅಲ್ಲ, ಅದು ನಿಮಗೆ ಬರಬೇಕಾದ ಸಾಲ. ಸಾಲಗಾರ ಮುಳುಗಿದರೆ 30,000ವೂ ಒಂದೇ, 19,556ವೂ ಒಂದೇ. 2016ರಲ್ಲಿ ಸೌದಿಯ ಕ್ಯಾಂಪುಗಳಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಸಾವಿರಾರು ಭಾರತೀಯರು ಸಿಕ್ಕಿಬಿದ್ದು, ರಾಯಭಾರ ಕಚೇರಿ ಊಟ ಕೊಡಿಸಬೇಕಾದ ದಿನಗಳನ್ನು ನಾನು ಇಲ್ಲಿ ಟಿವಿಯಲ್ಲಿ ನೋಡಿದೆ. ಮೂರನೆಯ ಎರಡು ಭಾಗವನ್ನಾದರೂ ಎಣಿಸಿಕೊಂಡು ಬಂದದ್ದಕ್ಕೆ ಅವತ್ತು ಮೊದಲ ಸಲ ಸಮಾಧಾನವಾಯಿತು.

ನಮ್ಮ ಅಪ್ಪ ಊರಿನ ಒಂದು ಹಳೆಯ ಮಿಲ್ಲಿನಲ್ಲಿದ್ದರು. ಬೀಗ ಬಿದ್ದ ಮೇಲೂ ಗೇಟು ಇವತ್ತು ತೆರೆಯುತ್ತದೆ, ನಾಳೆ ತೆರೆಯುತ್ತದೆ ಎಂದು ಊಟದ ಡಬ್ಬಿ ತೊಳೆದು ಇಡಿಸುತ್ತಿದ್ದರು. ಆ ಕಾಯುವಿಕೆಗೂ ಒಪ್ಪಂದದ ತಾರೀಖಿಗಾಗಿ ಕಾಯುವುದಕ್ಕೂ ಹೋಲಿಕೆ ಇಲ್ಲ. ತಾರೀಖು ಇರುವುದಾದರೆ ಕಾಯಿರಿ.

ಕಡಿಮೆ ಸಂಬಳಕ್ಕೆ ಇನ್ನೊಬ್ಬ ಗುತ್ತಿಗೆದಾರನ ಕಡೆಗೆ ವರ್ಗವಾಗುವ ಆಯ್ಕೆಯನ್ನೂ ಕೆಲವರಿಗೆ ಕೊಡುತ್ತಾರೆ. ಒಪ್ಪುವ ಮುನ್ನ ಹಳೆಯ ಸೇವೆಯ ಮೊತ್ತ ಈಗಲೇ ಕೈಗೆ ಬರುತ್ತದೆಯೋ, ಹೊಸಬನ ಲೆಕ್ಕಕ್ಕೆ ಸೇರುತ್ತದೆಯೋ ಎಂದು ಬರಹದಲ್ಲಿ ಪಡೆಯಿರಿ. ಹೊಸ ಸಂಬಳ ಕಡಿಮೆ ಇದ್ದು ಸೇವೆ ಮುಂದುವರಿದರೆ ಹಿಂದಿನ ವರ್ಷಗಳ ಲೆಕ್ಕವೂ ಕೊನೆಯ ಸಣ್ಣ ಸಂಬಳದ ಮೇಲೆಯೇ ಬರುವ ಅಪಾಯವಿದೆ. ಮೊದಲು ಹಿಸಾಬು, ಆಮೇಲೆ ವರ್ಗ.

ಊರಿಗೆ ಬಂದ ಮೇಲೆ ಆ ದುಡ್ಡು

ಖಾತೆಯ ವಿಷಯ ಮೊದಲು. ಕಾಯಂ ಆಗಿ ಬಂದ ಮೇಲೆ ಎನ್‌ಆರ್‌ಇ (ಹೊರದೇಶದಲ್ಲಿರುವವರ) ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಲು ಬ್ಯಾಂಕಿಗೆ ಹೇಳಬೇಕು; ಅಲ್ಲಿಂದ ಮುಂದೆ ಅದರ ಬಡ್ಡಿಗೆ ತೆರಿಗೆ ಉಂಟು. ವಿದೇಶಿ ಹಣದಲ್ಲಿ ಇಟ್ಟ ಎಫ್‌ಸಿಎನ್‌ಆರ್ ಠೇವಣಿಯನ್ನು ಅವಧಿ ಮುಗಿಯುವವರೆಗೆ ಹಾಗೆಯೇ ಬಿಡಬಹುದು. ಹೇಳದೆ ಸುಮ್ಮನಿದ್ದರೆ ನಡೆಯುತ್ತದೆ ಎಂದು ಹೇಳುವ ಗೆಳೆಯರು ಬಹಳ. ನೋಟಿಸ್ ಬಂದಾಗ ಅವರು ಫೋನ್ ಎತ್ತುವುದಿಲ್ಲ.

ಆಮೇಲೆ ನಾಲ್ಕು ದಾರಿ: ಮನೆಯ ಮೇಲೆ ಮಹಡಿ, ಹೊಲ, ಅಂಗಡಿ, ಠೇವಣಿ. ಮಹಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೀದರಿನಲ್ಲಿಯೂ ಬಸವಕಲ್ಯಾಣದಲ್ಲಿಯೂ ಮೂರು ಅಂತಸ್ತಿನ ಮನೆಯಲ್ಲಿ ಒಂದೇ ಕಿಟಕಿಗೆ ದೀಪ ಇರುವುದನ್ನು ನೀವೂ ನೋಡಿದ್ದೀರಿ.

ಹೊಲದ ಮಾತು ನನ್ನದೇ. 2015ರ ಕೊನೆಗೆ ತೊಗರಿಬೇಳೆ ಕಿಲೊಗೆ 200 ರೂಪಾಯಿಯ ಹತ್ತಿರ ಹೋಗಿತ್ತು. ಮರು ವರ್ಷ ನಾನು ಜೇವರ್ಗಿ ರಸ್ತೆಯ ಕಡೆ ಹನ್ನೆರಡು ಎಕರೆ ಲಾವಣಿಗೆ (ಗೇಣಿಗೆ) ಹಿಡಿದು ತೊಗರಿ ಬಿತ್ತಿದೆ. ಮಳೆ ಚೆನ್ನಾಯಿತು, ಬೆಳೆ ಎದೆಯೆತ್ತರ ಬಂತು, ನನಗಷ್ಟೇ ಅಲ್ಲ, ಇಡೀ ಜಿಲ್ಲೆಗೆ ಬಂತು. 2017ರ ಆರಂಭದಲ್ಲಿ ಪೇಟೆಯ ಧಾರಣೆ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರಿನ ಮೇಲೆ ಎರಡು ರಾತ್ರಿ ಮಲಗಿದೆ. ಮೂರನೆಯ ದಿನ ಹುಡುಗನೊಬ್ಬ ಚೀಲಕ್ಕೆ ಕೈಹಾಕಿ ಹಿಡಿ ಕಾಳು ತೆಗೆದು ಯಂತ್ರಕ್ಕೆ ಸುರಿದ. ತೇವ ಶೇ 12 ಮೀರಿದೆ, ಒಣಗಿಸಿ ತನ್ನಿ ಎಂದ. ಡಾಂಬರು ರಸ್ತೆಯ ಮೇಲೆ ಕಾಳು ಹರವಿ, ಅದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನಾನು ಲೆಕ್ಕ ಹಾಕಿದ್ದು ಆ 10,444 ರಿಯಾಲನ್ನೇ. ಎಣ್ಣೆ ಬಿದ್ದದ್ದಕ್ಕೆ ಊರಿಗೆ ಬಂದವನು ತೊಗರಿಯ ಕೈಗೆ ಸಿಕ್ಕಿದ್ದೆ. ಸ್ವಂತ ಹೊಲ, ಕೈಯಲ್ಲಿ ಎರಡು ವರ್ಷದ ಮನೆಖರ್ಚು ಇರುವವರು ಬಿತ್ತಲಿ. 2025-26ಕ್ಕೆ ಬೆಂಬಲ ಬೆಲೆ 8,000 ಇತ್ತು ಎಂದು ಲಾವಣಿ ಹಿಡಿಯುವವರು ನನ್ನನ್ನು ಒಮ್ಮೆ ಭೇಟಿಯಾಗಲಿ.

ಅಂಗಡಿಗಿಂತ ಕೈಕಸುಬು ಮೇಲು ಎಂಬುದು ನನ್ನ ಪಕ್ಷಪಾತ. ವಾಡಿ, ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಶಟ್‌ಡೌನ್ (ದುರಸ್ತಿಗೆಂದು ಯಂತ್ರ ನಿಲ್ಲಿಸುವುದು) ಬಂದಾಗ ವೆಲ್ಡರ್, ಫಿಟ್ಟರ್, ಇನ್‌ಸ್ಟ್ರುಮೆಂಟ್ ಕೆಲಸದವರಿಗೆ ಕರೆ ಬರುತ್ತದೆ. ಕೊಲ್ಲಿಯ ಸಂಬಳ ಕನಸು. ಆದರೆ ರಿಫೈನರಿಯಲ್ಲಿ ಪಳಗಿದ ಕೈಗೆ ಅಲ್ಲಿ ಮರ್ಯಾದೆ ಇದೆ. ಅನುಭವ ಪತ್ರ, ವೆಲ್ಡಿಂಗ್ ಪರೀಕ್ಷೆಯ ಪ್ರಮಾಣಪತ್ರ, ಸೇಫ್ಟಿ ತರಬೇತಿಯ ಕಾರ್ಡು ಇವನ್ನೆಲ್ಲ ಅಲ್ಲಿಂದ ಹೊರಡುವ ಮೊದಲೇ ಕಂಪನಿಯ ಮೊಹರಿನೊಂದಿಗೆ ತರಬೇಕು. ನಾನು ಅನುಭವ ಪತ್ರ ಕೇಳಲು ಮರೆತು, ಅದು ಬರಲು ಏಳು ತಿಂಗಳು ಹಿಡಿಯಿತು. ಈಗ ವರ್ಷದಲ್ಲಿ ನಾಲ್ಕೈದು ತಿಂಗಳು ಶಟ್‌ಡೌನ್ ಕೆಲಸವೇ ನನ್ನ ಮನೆ ನಡೆಸುತ್ತದೆ.

ಉಳಿದದ್ದು ಠೇವಣಿಗೆ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷದವರೆಗೆ ಇಡಬಹುದು. 2025ರಲ್ಲಿದ್ದ ಶೇ 7.4ರ ದರದಲ್ಲಿ 15 ಲಕ್ಷಕ್ಕೆ ತಿಂಗಳಿಗೆ 9,250 ರೂಪಾಯಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಶೇ 8.2 ಇತ್ತು, ಮಿತಿ 30 ಲಕ್ಷ. ಸಾಮಾನ್ಯವಾಗಿ 60 ಆಗಿರಬೇಕು, ಆದರೆ 55 ದಾಟಿ ವಿಆರ್‌ಎಸ್ ಪಡೆದವರು ಹಣ ಕೈಗೆ ಬಂದ ಮೂರು ತಿಂಗಳೊಳಗೆ ತೆರೆಯಬಹುದು. ಆ ಮೂರು ತಿಂಗಳಲ್ಲಿ ಮನೆಗೆ ಪ್ಲಾಟಿನ ದಲ್ಲಾಳಿ, ವಿಮೆಯವನು, ದೂರದ ನೆಂಟರು ಎಲ್ಲರೂ ಬಂದು ಹೋಗುತ್ತಾರೆ. ಅವರಿಗೆ ಚಹಾ ಕೊಡಿ.

ಆರೋಗ್ಯ ವಿಮೆಯನ್ನು ಮಾತ್ರ ಕಂಪನಿಯ ವಿಮೆ ಮುಗಿಯುವ ಮೊದಲೇ ನಿಮ್ಮ ಹೆಸರಿನಲ್ಲಿ ಮಾಡಿಸಿ. ಐವತ್ತರ ಸುಮಾರಿಗೆ ಸಕ್ಕರೆ, ರಕ್ತದೊತ್ತಡ ಇರುವವನು ಹೊಸದಾಗಿ ಅರ್ಜಿ ಹಾಕಿದರೆ, ಹಳೆಯ ಕಾಯಿಲೆಗಳಿಗೆ ವರ್ಷಗಟ್ಟಲೆ ಕಾಯುವ ಅವಧಿ ಹಾಕುತ್ತಾರೆ.

ಅಣ್ಣನ ಮಗ ಅವತ್ತು ಸಹಿ ಹಾಕಲಿಲ್ಲ. ಹತ್ತು ಗಂಟೆ ದಾಟಿತು, ಏನೂ ಆಗಲಿಲ್ಲ. ವಾರದ ಮೇಲೆ ಕಂಪನಿಯವರೇ ಒಪ್ಪಂದ ಮುಂದುವರಿಸುವುದಿಲ್ಲ ಎಂಬ ನೋಟಿಸ್ ಕೊಟ್ಟರು. ಸಂಬಳ 4,800 ರಿಯಾಲ್, ಸೇವೆ ಏಳು ವರ್ಷ. ರಾಜೀನಾಮೆಗೆ ಸಹಿ ಹಾಕಿದ್ದರೆ 14,400, ಈಗ 21,600. ನಿನ್ನೆ ರಾತ್ರಿ ಹಿಸಾಬಿನ ಹಾಳೆಯ ಫೋಟೊ ಬಂತು. 'ಒಪ್ಪಂದದ ಅವಧಿ ಮುಗಿದುದರಿಂದ' ಎಂದು ಎರಡೂ ಭಾಷೆಯಲ್ಲಿದೆ, ಅಂಕಿಯೂ ಸರಿಯಾಗಿದೆ. ಹನ್ನೊಂದು ದಿನದ ರಜೆಯ ಸಂಬಳ ಮಾತ್ರ ಬಿಟ್ಟಿದ್ದಾರೆ, 1,760 ರಿಯಾಲ್. ಕೇಳು ಎಂದು ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಈಗ ಅಲ್ಲಿ ಡ್ಯೂಟಿಯ ಹೊತ್ತು.